ಅತ್ತೆಯ ಹೊಟ್ಟೆನೋವೂ ಅಪ್ಪನ ಹವಾಖೋರಿಯೂ

ನಮ್ಮ ಸೋದರತ್ತೆಯ ಹೊಟ್ಟೆಯಷ್ಟು ಕೆಟ್ಟ ಹೊಟ್ಟೆ ಆಳಂದ ತಾಲೂಕಿನಲ್ಲೇ ಇನ್ನೊಂದಿರಲಿಲ್ಲ! ಹಾಗೆಂದು ಊರಿಗೆ ಊರೇ ನಂಬಿತ್ತು. ಬಜಾರದ ಹಕೀಮರು ನಂಬಿದ್ದರು, ನಮ್ಮ ಅವ್ವ ನಂಬಿದ್ದಳು, ವಕೀಲರಾಗಿದ್ದು ಸಾಕ್ಷಿಯಿಲ್ಲದೆ ಯಾರ ಮಾತನ್ನೂ ನಂಬದ ನಮ್ಮ ಅಪ್ಪನೂ ನಂಬಿದ್ದರು. ಆದರೆ ಆ ಹೊಟ್ಟೆ ನಿರಪರಾಧಿ. ಅದರ ಮೇಲೆ ಅಷ್ಟು ದೊಡ್ಡ ಅಪವಾದ ಬಂದದ್ದು ಯಾಕೆ ಗೊತ್ತೇ? ಅತ್ತೆಗೆ ವಾಕಿಂಗ್ ಅಂದರೆ ಪ್ರಾಣ, ಅದಕ್ಕೆ!

ಈ ವಯಸ್ಸಿನಲ್ಲಿ ಇದನ್ನು ಬರೆಯಲು ಕೂತದ್ದು ಸಿಟ್ಟಿನಿಂದ. ಮೊನ್ನೆ ಪಾರ್ಕಿನ ಬೆಂಚಿನ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದೆ. ಬಿಳೀ ಬೂಟಿನ ಹುಡುಗಿಯೊಬ್ಬಳು ಓಡುತ್ತ ಬಂದವಳು ನಿಂತು, "ಗ್ರ್ಯಾನೀ, ಡು ಯು ಎಂಜಾಯ್ ವಾಕಿಂಗ್?" ಎಂದು ಕೇಳಿದಳು. ಎಂಜಾಯ್ ಅಂತೆ! ಅಷ್ಟು ದೊಡ್ಡ ಪ್ರಶ್ನೆಯನ್ನು ಅಷ್ಟು ಸಣ್ಣ ಬಾಯಲ್ಲಿ, ಅದೂ ಏದುಸಿರು ಬಿಡುತ್ತ ಕೇಳುವುದೇ? ನಾನು ಗಂಟಲು ಸರಿಮಾಡಿಕೊಂಡು ಉತ್ತರ ಶುರುಮಾಡುವಷ್ಟರಲ್ಲಿ ಅವಳು ಆ ಕಡೆ ಮೂಲೆಯ ಬೇವಿನ ಮರ ದಾಟಿದ್ದಳು. ಅವಳಿಗೆ ಹೇಳಬೇಕಾದದ್ದನ್ನು ಈಗ ನೀವು ಕೇಳಬೇಕು. ಬೇರೆ ದಾರಿಯಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ವಾಕ್ ಎಂಬುದನ್ನು ನನಗೆ ಕಲಿಸಿದ್ದು ಸಿಕಂದರಾಬಾದಿನ ಕಾನ್ವೆಂಟು. ದಿನಾ ಸಂಜೆ ಇಬ್ಬಿಬ್ಬರಂತೆ ಸಾಲು. ಬಿಳಿ ಫ್ರಾಕು, ಬಿಗಿ ಜಡೆ, ಹಿಂದೊಬ್ಬ ಸಿಸ್ಟರ್, ಮುಂದೊಬ್ಬ ಸಿಸ್ಟರ್. ಎಡಕ್ಕೆ ನೋಡಿದರೆ "ಐಸ್ ಫ್ರಂಟ್!" ಬಲಕ್ಕೆ ನೋಡಿದರೆ "ಐಸ್ ಫ್ರಂಟ್!" ನಾನು ಎಷ್ಟೋ ವರ್ಷ ಸಿಕಂದರಾಬಾದಿನಲ್ಲಿ ನಡೆದಿದ್ದೇನೆ, ಆದರೆ ಆ ಊರಿನಲ್ಲಿ ನಾನು ಚೆನ್ನಾಗಿ ನೋಡಿದ್ದು ನನ್ನ ಮುಂದಿನವಳ ಜಡೆಯನ್ನು ಮಾತ್ರ. ಇದನ್ನೂ ಹೆಲ್ದಿ ಎನ್ನುತ್ತಿದ್ದರು!

ರಜೆಗೆ ಆಳಂದಕ್ಕೆ ಬಂದರೆ ಅಲ್ಲಿಯ ನಡಿಗೆಯ ಕಾಯಿದೆಯೇ ಬೇರೆ. ಸಂಜೆಯಾಯಿತೆಂದರೆ ಅಪ್ಪ ಶೇರವಾನಿ ತೊಟ್ಟು, ಬೆಳ್ಳಿ ಹಿಡಿಯ ಬೆತ್ತ ಹಿಡಿದು ಹೊರಡುತ್ತಿದ್ದರು. ಜೊತೆಗೆ ಕಚೇರಿಯ ಪೇಶ್ಕಾರರು ಮತ್ತಿಬ್ಬರು ವಕೀಲರು. ಊರ ಹೊರಗಿನ ತನಕ ಹೋಗಿ, ಸುಮ್ಮನೆ ನಿಂತು, ಸುಮ್ಮನೆ ತಿರುಗಿ ಬರುವುದು. ಇದಕ್ಕೆ ಎಂಥ ಚಂದದ ಹೆಸರು ಕೇಳಿ: ಹವಾಖೋರಿ! ಅಂದರೆ ಗಾಳಿ ತಿನ್ನುವುದು. ತಿಂದು ಬಂದವರು ಜಗಲಿಯ ಮೇಲೆ ಕೂತು, "ಇವತ್ತ ಹವಾ ಭಾಳ ಛಲೋ ಇತ್ತು" ಎನ್ನುತ್ತಿದ್ದರು, ಹೋಳಿಗೆ ತಿಂದವರ ಹಾಗೆ.

ಹೆಂಗಸರು ಅದೇ ದಾರಿಯಲ್ಲಿ ಅದೇ ಗಾಳಿ ತಿಂದರೆ ಅದಕ್ಕೇನು ಹೆಸರು? ಹೇಳಿ ನೋಡೋಣ! "ತಿರುಗಾಡುವುದು." ತಿರುಗಾಡುವ ಗಂಡಸು ದೊಡ್ಡ ಮನುಷ್ಯ. ತಿರುಗಾಡುವ ಹೆಂಗಸು? ಅದು ಬೈಗುಳ ಸ್ವಾಮಿ, ಬೈಗುಳ! ಅತ್ತೆಯೇ ಒಮ್ಮೆ ರೊಟ್ಟಿ ಬಡಿಯುತ್ತ ಅಂದಿದ್ದಳು: "ಗಂಡಸರದು ಹವಾಖೋರಿ ಬೇ, ಹೆಂಗಸರದು ಹರಾಮಖೋರಿ!"

ಹಾಗಾದರೆ ಹೆಂಗಸರು ಮನೆ ಬಿಟ್ಟು ಹೊರಗೆ ಹೋಗುತ್ತಲೇ ಇರಲಿಲ್ಲವೇ? ಹೋಗುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದ ಬಾಯಲ್ಲಿ ಇದನ್ನು ಹೇಗೆ ಹೇಳಲಿ? ಕೈಯಲ್ಲೊಂದು ನೀರಿನ ತಂಬಿಗೆ ಹಿಡಿದು ಬಯಲಕಡೆಗೆ ಹೋಗುವುದು ಎಂದರೆ ನಿಮಗೆ ತಿಳಿಯುತ್ತದೆ. ತಂಬಿಗೆ ಹಿಡಿದ ಹೆಂಗಸನ್ನು ಯಾರೂ ಎಲ್ಲಿಗೆ ಎಂದು ಕೇಳುವಂತಿಲ್ಲ. ಗಂಡನ ಮನೆಯ ಅತ್ತೆ ಮಾವ ಕೇಳುವಂತಿಲ್ಲ, ಎದುರು ಬಂದ ಗಂಡಸು ತಲೆ ಎತ್ತುವಂತಿಲ್ಲ. ಈಗಿನವರ ಪಾಸ್‌ಪೋರ್ಟಿಗೂ ಅಷ್ಟು ಮರ್ಯಾದೆ ಇಲ್ಲ, ಅದನ್ನು ಹತ್ತು ಕಡೆ ತೆರೆದು ನೋಡುತ್ತಾರೆ!

ನಮ್ಮ ಅತ್ತೆ ಈ ಪಾಸ್‌ಪೋರ್ಟನ್ನು ಬಳಸಿದಷ್ಟು ಆಳಂದದಲ್ಲಿ ಇನ್ಯಾರೂ ಬಳಸಲಿಲ್ಲ. ಉಳಿದ ಹೆಂಗಸರು ಬೆಳಕು ಹರಿಯುವ ಮೊದಲೋ ಕತ್ತಲಾದ ಮೇಲೋ ಗುಂಪಾಗಿ ಹೋಗುವವರು. ಇವಳು ಚಹಾದ ಹೊತ್ತಿನ ನಿಚ್ಚಳ ಬಿಸಿಲಿನಲ್ಲಿ, ಒಬ್ಬಳೇ, ತಂಬಿಗೆ ಹಿಡಿದು ಸರಸಂಬಾ ಹಾದಿ ಹಿಡಿದು ಬಿರಬಿರ ಹೊರಟಳೆಂದರೆ ಹೊತ್ತು ಮುಳುಗುವಾಗ ಬರುವಳು. ಜನ ಏನು ತಿಳಿದುಕೊಳ್ಳಬೇಕು? ಪಾಪ, ವಕೀಲರ ಅಕ್ಕನ ಹೊಟ್ಟೆ ನೆಟ್ಟಗಿಲ್ಲ ಎಂದು ತಿಳಿದುಕೊಂಡರು. ಅತ್ತೆ ಇಲ್ಲವೆನ್ನಲಿಲ್ಲ!

ಮೊದಲು ಬಂದವರು ಹಕೀಮ ಸಾಹೇಬರು. ಬಾಗಿಲ ಮರೆಯಿಂದ ಅತ್ತೆ ಚಾಚಿದ ಕೈಯ ನಾಡಿ ಹಿಡಿದು ಕಣ್ಣು ಮುಚ್ಚಿದರು. "ಹಾಜಮಾ ಪೂರಾ ಖರಾಬ್ ಅದ ವಕೀಲ ಸಾಹೇಬ್. ಖಾರ ಬಂದ್. ರೊಟ್ಟಿ ಬಂದ್. ಶೇಂಗಾ ಬಂದ್. ಬರೇ ಗಂಜಿ."

"ಉಸಿರಾಡೋದೊಂದು ಚಾಲೂ ಇರ್ಲೇನ್ರಿ ಹಕೀಮ ಸಾಹೇಬ್ರ?" ಎಂದಳು ಅತ್ತೆ ಬಾಗಿಲ ಮರೆಯಿಂದ.

ಜೋಳದ ರೊಟ್ಟಿ, ಖಾರ, ಶೇಂಗಾ ಮೂರನ್ನೂ ತೆಗೆದುಬಿಟ್ಟರೆ ನಮ್ಮ ಕಡೆಯ ಮನುಷ್ಯನಿಗೆ ಏನು ಉಳಿಯಿತು? ಜೈಲಿನಲ್ಲೂ ಅಷ್ಟು ಶಿಕ್ಷೆ ಇರಲಿಲ್ಲ. ಅತ್ತೆ ಗಂಜಿ ಕುಡಿದಳು. ಒಣ ದಾಳಿಂಬೆ ಸಿಪ್ಪೆಯ ಕಷಾಯ ಕುಡಿದಳು. ಇಸಬಗೋಲು ನುಂಗಿದಳು. ಅಷ್ಟರಲ್ಲಿ ಯಾರೋ ಹೇಳಿದರೆಂದು ಅಪ್ಪ ಜೇವರ್ಗಿ ಕಡೆಯ ಕೊಳಕೂರದಿಂದ ನಾಟಿ ವೈದ್ಯರೊಬ್ಬರನ್ನು ಬಂಡಿ ಕಳಿಸಿ ಕರೆಸಿದರು. ಅವರು ಕರೀ ಪುಡಿ ಕೊಟ್ಟು, "ಇನ್ನ ಮ್ಯಾಲ ಹೆಚ್ಚು ನಡದಾಡಬಾರದು ತಾಯಿ" ಎಂದುಬಿಟ್ಟರು. ಅಲ್ಲಿಯ ತನಕ ಎಲ್ಲವನ್ನೂ ಸಹಿಸಿದ್ದ ಅತ್ತೆಗೆ ಆ ಮಾತು ಸಹನೆಯಾಗಲಿಲ್ಲ. ಆ ಪುಡಿಯನ್ನೆಲ್ಲ ಎಮ್ಮೆಯ ದಾಣಿಯಲ್ಲಿ ಕಲಸಿದಳು. ಎಮ್ಮೆ ಎರಡು ದಿನ ಸೆಗಣಿ ಹಾಕದೆ ಎಲ್ಲರನ್ನೂ ದುರುಗುಟ್ಟಿ ನೋಡುತ್ತ ನಿಂತಿತ್ತು!

ಇದೆಲ್ಲ ನನಗೆ ತಿಳಿದದ್ದು ನನ್ನ ಹದಿನೈದನೆಯ ವಯಸ್ಸಿನ ರಜೆಯಲ್ಲಿ. ಬಂದ ಮರುದಿನವೇ ಅಡಿಗೆಮನೆಯಲ್ಲಿ ನಿಂತು, "ಅತ್ತೀ, ನಾನೂ ನೀನೂ ವಾಕ್ ಹೋಗೋಣು ಬಾ" ಎಂದೆ.

"ಹಂಗಂದ್ರ?" ಎಂದಳು ಅವ್ವ.

"ತಿರುಗಾಡಾಕ ಹೋಗೋದವ್ವಾ."

ಅವ್ವನ ಕೈಯ ಲಟ್ಟಣಿಗೆ ಕೆಳಗೆ ಬಿತ್ತು. "ತಿರುಗಾಡಾಕ! ಇದನ್ನೇನ ಕಲಿಸ್ತಾರ ನಿಮ್ಮ ಸಿಸ್ಟರಗೋಳು? ಮೆಲ್ಲಕ ಮಾತಾಡ ಬೇ, ಯಾರರ ಕೇಳ್ಯಾರು!"

ಅತ್ತೆ ಗೂಟದ ಹತ್ತಿರದ ಇನ್ನೊಂದು ತಂಬಿಗೆ ತೆಗೆದು ನನ್ನ ಕೈಗೆ ಕೊಟ್ಟಳು. "ಬಾ ಬೇ. ನಿನಗೂ ಹೊಟ್ಟಿ ಕೆಟ್ಟದ."

ಆ ರಾತ್ರಿ ನನಗೂ ಗಂಜಿ!

ಆದರೆ ಆ ಸಂಜೆ! ಊರು ದಾಟುವ ತನಕ ಅತ್ತೆ ತಲೆ ತಗ್ಗಿಸಿ, ಹೊಟ್ಟೆ ಹಿಡಿದುಕೊಂಡು, ಮುಖ ಹಿಂಡಿಕೊಂಡು ನಡೆದಳು. ನಾಟಕದ ಕಂಪನಿಯವರು ನೋಡಿದ್ದರೆ ಅಲ್ಲೇ ಎತ್ತಿಕೊಂಡು ಹೋಗುತ್ತಿದ್ದರು. ಕೊನೆಯ ಮನೆ ಹಿಂದಾಯಿತೋ ಇಲ್ಲವೋ, ಬೆನ್ನು ನೆಟ್ಟಗಾಯಿತು, ಸೆರಗು ಸೊಂಟಕ್ಕೆ ಹೋಯಿತು, ಕಾಲು ಉದ್ದವಾಯಿತು. ನಾನು ಹಿಂದೆ ಓಡಬೇಕಾಯಿತು. ಕರೀ ಎರೆಹೊಲ, ಜೋಳ ಎದೆಯ ಮಟ್ಟ. ಹೊಲದವರೊಬ್ಬರು ಸೀತನಿ ಸುಡುತ್ತಿದ್ದರು, ಎಳೆಜೋಳದ ಬಿಸಿಬಿಸಿ ಕಾಳನ್ನು ಬೊಗಸೆ ತುಂಬ ಕೊಟ್ಟರು. ಅತ್ತೆ ಬಾಯಿ ತುಂಬಿಸಿಕೊಂಡಳು, ಉಳಿದದ್ದನ್ನು ತಂಬಿಗೆಗೆ ಸುರಿದಳು. ನೋಡುತ್ತೇನೆ, ಅದರಲ್ಲಿ ಆಗಲೇ ಹುರಿದ ಶೇಂಗಾ, ಬೆಲ್ಲದ ಹೆಂಟೆ!

ನನಗೆ ಹೇವರಿಕೆ ಬಂತು. ಕಾನ್ವೆಂಟಿನಲ್ಲಿ ಹೈಜೀನ್ ವಿಷಯದಲ್ಲಿ ನನಗೆ ಫಸ್ಟ್ ಪ್ರೈಜ್ ಬಂದಿತ್ತು. "ಅತ್ತೀ! ಅಂಥಾ ತಂಬಿಗ್ಯಾಗ ತಿನ್ನೋದು ಹಾಕ್ತಾರೇನು? ಡಿಸ್ಗಸ್ಟಿಂಗ್!"

"ಹುಚ್ಚವ್ವಾ, ಈ ತಂಬಿಗಿಗಿ ಆ ಕೆಲಸದ ಗುರುತಽ ಇಲ್ಲ. ಅದಕ್ಕ ಬ್ಯಾರೆ ಅದ, ಹಿತ್ತಲದಾಗ. ಇದು ಬರೇ ತೋರಿಸಾಕ."

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ, ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಕೊರಳಿನ ಸುತ್ತ ಕೊರೆದ ಅಕ್ಷರಗಳಿದ್ದವು, ಆಗಿನ ಪಾತ್ರೆಗಳ ಮೇಲೆ ಮನೆತನದ ಇಲ್ಲವೇ ಊರಿನ ಹೆಸರು ಕೊರೆಸುವ ರೂಢಿ. ನಾನು ಓದಿದೆ. "ಇದರ ಮ್ಯಾಲ ಅತನೂರ ಅಂತ ಅದಲ್ಲ ಅತ್ತೀ?"

ಅವಳು ಅಕ್ಷರದ ಮೇಲೆ ಅಂಗೈ ಮುಚ್ಚಿದಳು. "ಓದಾಕ ಕಲಿಸ್ಯಾರಂತ ಎಲ್ಲಾನೂ ಓದಬಾರದು ಬೇ."

ಅವಳನ್ನು ಅಫಜಲಪುರ ಕಡೆಯ ಅತನೂರಕ್ಕೆ ಕೊಟ್ಟಿದ್ದರು ಎನ್ನುವಷ್ಟು ನನಗೆ ಗೊತ್ತಿತ್ತು. ಪಂಚಮಿ ಹಬ್ಬಕ್ಕೆಂದು ತವರಿಗೆ ಬಂಡಿಯಲ್ಲಿ ಬಂದವಳು ಇಲ್ಲೇ ಉಳಿದಳಂತೆ. ಮನೆಯಲ್ಲಿ ಹೇಳುತ್ತಿದ್ದದ್ದು ಅಷ್ಟೇ. ನಾನು ಮಾತು ಬದಲಿಸಿದೆ. "ಹೋಗ್ಲಿ. ಹಿಂಗ ಸುಮ್ಮನ ನಡಿಯೋದ್ರಾಗ ಏನ ಮಜಾ ಅದ ಅತ್ತೀ?"

"ಯಾರೂ ಕರಿಯಂಗಿಲ್ಲ ಬೇ ಇಲ್ಲಿ. ಮನ್ಯಾಗ ಅಕ್ಕಾ ನೀರು, ಅತ್ತೀ ತಾಟು, ಅಕ್ಕಾರ ಉಪ್ಪು. ಇಲ್ಲಿ ನೋಡು, ಆ ಜಾಲಿಗಿಡ ನನಗ ಏನರ ಕೇಳ್ತದೇನು?"

ಹೀಗೇ ಸುಖವಾಗಿ ನಡೆಯುತ್ತಿತ್ತು. ಆದರೆ ಒಂದು ಸಂಜೆ ನಮ್ಮ ತಂಬಿಗೆ ಸವಾರಿಯೂ ಅಪ್ಪನ ಹವಾಖೋರಿ ಸವಾರಿಯೂ ಎದುರುಬದುರಾದವು! ಪೇಶ್ಕಾರರಾದಿಯಾಗಿ ದೊಡ್ಡ ಮನುಷ್ಯರೆಲ್ಲ ತಟ್ಟನೆ ಬೆನ್ನು ತಿರುಗಿಸಿ ಬೇಲಿ ನೋಡುತ್ತ ನಿಂತರು, ಬೇಲಿಯಲ್ಲಿ ಏನೋ ಬರೆದಿದೆ ಎನ್ನುವಂತೆ. ಅತ್ತೆ ಅವರ ಬೆನ್ನುಗಳನ್ನೆಲ್ಲ ಇನ್‌ಸ್ಪೆಕ್ಷನ್ ಮಾಡುತ್ತ ಮಹಾರಾಣಿಯ ಹಾಗೆ ದಾಟಿಹೋದಳು.

ಅಪ್ಪ ಮಾತ್ರ ಮನೆಗೆ ಬಂದು, "ಪಾಪ, ಅಕ್ಕ ಎಷ್ಟು ಅವಸರದಾಗ ನಡದಿದ್ಲು!" ಎಂದು ಅವ್ವನ ಮುಂದೆ ಮರುಗಿದರು. ಮರುಗಿ ಸುಮ್ಮನಾದರೇ? ಇಲ್ಲ. ಅಕ್ಕನಿಗಾಗಿ ಹಿತ್ತಲಲ್ಲಿ ಪಾಯಖಾನೆ ಕಟ್ಟಿಸಿದರು!

ನಮ್ಮ ಓಣಿಗೆ ಅದೇ ಮೊದಲನೆಯದು. ಆಳವಾದ ಗುಂಡಿ, ನುಣ್ಣನೆಯ ಶಹಾಬಾದ ಫರಸಿಕಲ್ಲು, ಒಳಗಿನಿಂದ ಚಿಲಕ. ಅವ್ವ ಬಾಗಿಲಿಗೆ ಮಾವಿನೆಲೆ ಕಟ್ಟಬೇಕೋ ಬೇಡವೋ ಎಂದು ಒಂದು ದಿನ ಪೂರ್ತಿ ಯೋಚಿಸಿದಳು. ಓಣಿಯ ಹೆಂಗಸರು ಬಂದು ನೋಡಿ, ವಕೀಲರಂಥ ತಮ್ಮ ಎಲ್ಲರಿಗೂ ಹುಟ್ಟಲಿ ಎಂದು ಕಣ್ಣೊರೆಸಿಕೊಂಡರು. ಅತ್ತೆಯ ಕಣ್ಣಲ್ಲೂ ನೀರು. ಅದು ಎಂಥ ನೀರೆಂದು ನನಗೊಬ್ಬಳಿಗೇ ಗೊತ್ತಿತ್ತು!

"ನನಗ ಗ್ವಾಡಿ ಒಳಗ ಬರಂಗಿಲ್ಲ ತಮ್ಮಾ" ಎಂದಳು.

"ರೂಢಿ ಆಗ್ತದಕ್ಕಾ" ಎಂದರು ಅಪ್ಪ. ರೂಢಿಯಾಗಲೆಂದು ತಂಬಿಗೆಯನ್ನು ತೆಗೆದು ಅಟ್ಟದ ಮೇಲೆ ಇಟ್ಟುಬಿಟ್ಟರು. ಪ್ರೀತಿಯಿಂದಲೇ! ಪ್ರೀತಿಯಿಂದ ಮಾಡಿದ್ದಕ್ಕೆ ಜಗಳವನ್ನಾದರೂ ಹೇಗೆ ಆಡುವುದು, ಹೇಳಿ? ಬ್ರೂಟ್ ಎಂದು ಬೈಯಲು ಅಪ್ಪ ಬ್ರೂಟ್ ಆಗಿರಲಿಲ್ಲ, ಅದೇ ನನ್ನ ಸಿಟ್ಟು.

ಅತ್ತೆ ಮನೆಯಲ್ಲಿ ಕೂತಳು. ಹಕೀಮರು ಪಥ್ಯ ಬಿಡಿಸಿದರೂ ಅವಳಿಗೆ ರೊಟ್ಟಿ ಬೇಡವಾಯಿತು. ಸಂಜೆ ಬಿಸಿಲು ಅಂಗಳದಿಂದ ಗೋಡೆಗೆ ಹತ್ತುವಾಗ ಅವಳು ಎದ್ದು ಹೊಸ್ತಿಲ ತನಕ ಬಂದು, ಬರಿಗೈ ನೋಡಿಕೊಂಡು, ಹಿಂದೆ ಹೋಗಿ ಕೂರುತ್ತಿದ್ದಳು. ಇಲ್ಲದ ಬ್ಯಾನಿಗೆ ಊರಿನ ಔಷಧವೆಲ್ಲ ಕುಡಿದು ಗಟ್ಟಿಯಾಗಿದ್ದವಳು ಈಗ ನಿಜವಾಗಿಯೂ ಸೊರಗಿದಳು.

ಒಂದು ದಿನ ಊಟಕ್ಕೆ ಕೂತಾಗ ಅಪ್ಪನಿಗೆ ರೇಗಿತು. "ಏನ ಕಡಿಮಿ ಆಗ್ಯದಕ್ಕಾ ನಿನಗ? ಎಲ್ಲಾ ಮಾಡಿಸೇನಿ. ಮತ್ಯಾಕ ಹಿಂಗ ಕುಂತೀದಿ?"

"ನನ್ನ ಹೊಟ್ಟಿಗಿ ಏನೂ ಆಗಿದ್ದಿಲ್ಲೋ ತಮ್ಮಾ. ಕಲ್ಲು ತಿಂದ್ರೂ ಅರಗ್ತದ. ನಾ ತಿರುಗಾಡಾಕ ಹೋಗ್ತಿದ್ದೆ."

"ಅಕ್ಕಾರ!" ಎಂದಳು ಅವ್ವ, ಓಡಿಹೋಗಿ ಬೀದಿ ಬಾಗಿಲು ಮುಂದೆ ಮಾಡಿದಳು.

ಅಪ್ಪ ತುತ್ತು ಕೆಳಗಿಟ್ಟರು. "ತಿರುಗಾಡಾಕ? ಎಲ್ಲಿಗಿ?"

"ನೋಡು, ಕೇಳಿದಿ. ಇದನ್ನ ಕೇಳಬಾರದಂತನ ತಂಬಿಗಿ ಹಿಡೀತಿದ್ದೆ." ಅತ್ತೆ ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಂಡಳು. "ಅತನೂರಾಗ ನಾ ಹೊಸ್ತಿಲ ದಾಟಿದ್ರ ಅತ್ತಿ ಕೇಳಾಕಿ, ಎಲ್ಲಿಗಿ. ನೀರಿಗಿ ಹೋದ್ರ ಆ ಮನಷ್ಯಾ ಕೇಳಾಂವ, ಎಲ್ಲಿಗಿ. ಆಮ್ಯಾಲ ಕೈಯಾಗ ಬಾರಕೋಲು. ತಂಬಿಗಿ ಕಂಡ್ರ ಮಾತ್ರ ಸುಮ್ಮನಿರ್ತಿದ್ರು. ಒಂದಿನ ಮುಂಜಾನಿ ಅದನ್ನ ಹಿಡದು ಹೊಂಟೆ. ಹೊಲ ದಾಟಿದೆ. ಇನ್ನೊಂದು ಹೊಲ ದಾಟಿದೆ. ಎದುರು ಬಂದ ಗಂಡಸರೆಲ್ಲಾ ಮಾರಿ ತಿರುವಿ ನಿಂತ್ರು. ಯಾರೂ ಕೇಳಲಿಲ್ಲೋ ತಮ್ಮಾ, ಒಬ್ಬರೂ. ಬಾವಿ ಸಿಕ್ಕಲ್ಲಿ ಅದರಾಗಽ ನೀರು ಕುಡದೆ. ಮರುದಿನ ಉಣ್ಣೂ ಹೊತ್ತಿಗಿ ನಿನ್ನ ಬಾಗಿಲಾಗ ಇದ್ದೆ. ಅವತ್ತಿಂದ ಕಾಲಿಗಿ ರುಚಿ ಹತ್ತ್ಯದ. ಏನ ಮಾಡ್ಲಿ?"

ಪಂಚಮಿಯೂ ಇರಲಿಲ್ಲ, ಬಂಡಿಯೂ ಇರಲಿಲ್ಲ. ಬಂಡಿಯ ಕಥೆ ಕಟ್ಟಿದವರು ಅಪ್ಪನೇ ಎಂದು ಅವರ ಮುಖ ನೋಡಿದಾಗ ನನಗೆ ತಿಳಿಯಿತು. ಅವರು ಕೈ ತೊಳೆದು ಎದ್ದುಹೋದರು.

ಮರುದಿನ ಸಂಜೆ ಶೇರವಾನಿ ತೊಟ್ಟು ಬಂದ ಅಪ್ಪ ಹೊಸ್ತಿಲಲ್ಲಿ ನಿಂತರು. "ಅಕ್ಕಾ, ಬರ್ತೀಯೇನು? ಹವಾ ತಿಂದು ಬರೋಣು."

ಅತ್ತೆ ಅವರನ್ನು ನೋಡಿದಳು, ಅಟ್ಟವನ್ನು ನೋಡಿದಳು. "ಬರಿಗೈಲೆ ಹೆಂಗ ಬರ್ಲಿ? ಮಂದಿ ಏನಂದಾರು ನಿನಗ?"

ಅಪ್ಪ ಏಣಿ ಹಾಕಿ ಅಟ್ಟ ಹತ್ತಿದರು. ಶೇರವಾನಿಗೆಲ್ಲ ಜೇಡರಬಲೆ. ತಂಬಿಗೆ ಇಳಿಸಿ, ಒರೆಸಿ, ಅಡಿಗೆಮನೆಗೆ ಹೋಗಿ ಏನೋ ತುಂಬಿಸಿಕೊಂಡು ಬಂದರು. ಅತ್ತೆ ಕೈ ಚಾಚಿದರೆ ಕೊಡಲಿಲ್ಲ. ಒಂದು ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ, ಇನ್ನೊಂದು ಕೈಯಲ್ಲಿ ಅತನೂರ ತಂಬಿಗೆ, ಅಪ್ಪ ಬಜಾರದ ನಟ್ಟನಡುವೆ ಹೊರಟರು. ಅತ್ತೆ ಪಕ್ಕದಲ್ಲಿ, ನಾನು ಹಿಂದೆ. ಅಂಗಡಿಯವರೆಲ್ಲ ಗೋಡೆ ಕಡೆ ಮುಖ ತಿರುಗಿಸಿದರು. ಪೇಶ್ಕಾರರು ಎದುರಿಗೆ ಬಂದವರು ತಿರುಗುವುದನ್ನೂ ಮರೆತು ಬಾಯಿ ತೆರೆದು ನಿಂತರು.

"ವಕೀಲ ಸಾಹೇಬ್! ನಿಮ್ಮ ತಬೇತಿನೂ ಖರಾಬಾತೇನ್ರಿ?"

"ಹೌದ್ರಿ ಪೇಶ್ಕಾರ ಸಾಹೇಬ್ರ," ಎಂದರು ಅಪ್ಪ, ನಿಲ್ಲದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಖಾನದಾನಿ ಬ್ಯಾನಿ. ದವಾ ಇಲ್ರಿ ಇದಕ್ಕ."

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೊನೆಯ ಮನೆ ದಾಟುವ ತನಕ ತಂಬಿಗೆಯೊಳಗಿನ ಶೇಂಗಾ ಗಲಗಲ ಅನ್ನುತ್ತಲೇ ಇತ್ತು.