ಮೇಲಿನ ಸಾಲಿನ ನಗು

“ಈ ನಗುವನ್ನ ನಾನು ಎಲ್ಲೋ ನೋಡಿದೀನಲ್ಲ?”

ಮೇಣದಣ್ಣ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಬರೀ ಮೇಣದ ದವಡೆ; ಅದರಲ್ಲಿ ಅವನೇ ಆಗತಾನೆ ಕೂರಿಸಿದ ಆರು ಮುಂಹಲ್ಲು. ಹಲ್ಲಿನ ಸೆಟ್ ಮಾಡುವ ಆ ಅಂಗಡಿಯಲ್ಲಿ ಹದಿನೆಂಟು ವರ್ಷ ಮೇಣದೊಳಗೆ ಹಲ್ಲು ನೆಟ್ಟು ನೆಟ್ಟು ಅವನಿಗೆ ಆ ಹೆಸರೇ ಅಂಟಿತ್ತು. ನೂರಾರು ಬಾಯಿಗೆ ನಗು ಕೊಟ್ಟ ಕೈ. ಆದರೂ ಇವತ್ತು ಎಡಗಡೆಯ ಹಲ್ಲನ್ನು ಪಕ್ಕದ ಹಲ್ಲಿನ ಮೇಲೆ ತುಸು ಏರಿಸಿ ಕೂರಿಸುವಾಗ ಅವನ ಬೆನ್ನಿನಲ್ಲಿ ಚಳಿ ಹತ್ತಿತು.

ಆದದ್ದಿಷ್ಟು. ಬೆಳಿಗ್ಗೆ ಯಜಮಾನರು ಮುಖ ತೊಳೆಯುವಾಗ ಅವರ ಮೇಲಿನ ಸಾಲಿನ ಸೆಟ್ ಬೇಸಿನ್ನಿಗೆ ಬಿದ್ದು ಮೂರು ಹೋಳಾಗಿತ್ತು. ಸಂಜೆ ಸಂಘದಲ್ಲಿ ಅವರದೇ ಭಾಷಣ. ಸಕಾರವೆಲ್ಲ ಹಕಾರವಾಗಿ ಅಂಗಡಿಗೆ ನುಗ್ಗಿದವರು ತಮ್ಮ ಹರೆಯದ ಫೋಟೋವೊಂದನ್ನು ಅವನ ಮುಂದೆ ಹಿಡಿದಿದ್ದರು.

“ಹಂಜೆಯೊಳಗೆ ಬೇಕು! ಇದೇ ನಗು ಬರಬೇಕು. ತಪ್ಪಿದ್ರೆ ನಾಳೆಯಿಂದ ನಿಂಗೆ ಕೆಲಹ ಇಲ್ಲ!”

ಮೇಣದಣ್ಣ ಅದನ್ನು ಫೋನಿನಲ್ಲಿ ಕ್ಲಿಕ್ಕಿಸಿದ. ಯಜಮಾನರು ಮೂಲವನ್ನು ಜೇಬಿಗಿಳಿಸಿದರು. ಅಂಗಡಿಯ ಕೆಲಸಗಳನ್ನೆಲ್ಲ ಬರೆದಿಡುವ ಆ್ಯಪ್‌ನಲ್ಲಿ ‘ಯಜಮಾನರು, ಮೇಲಿನ ಸಾಲು’ ಎಂದು ಹೊಸ ಕೆಲಸ ತೆರೆದು, ಕನ್ನಡಕ ಹುಡುಕುವ ತಾಳ್ಮೆಯಿಲ್ಲದೆ, ಗ್ಯಾಲರಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಫೋಟೋವನ್ನು ಒತ್ತಿ ಅಂಟಿಸಿದ. ಆ್ಯಪ್ ತನ್ನ ರೂಢಿಯಂತೆ ಬಾಯಿಯನ್ನಷ್ಟೇ ತೋರಿಸಿತು. ಹಲ್ಲು ಮಾಡುವವನಿಗೆ ಮುಖ ತಗೊಂಡು ಏನಾಗಬೇಕು?

ಹಲ್ಲಿಗೆ ಹೊಳಪು ಕೊಡುವ ಪಾಲಿಶಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಅಯ್ಯೋ, ನಮ್ಮ ಯಜಮಾನ್ರು ಹರೆಯದಲ್ಲಿ ಹೀಗೆ ನಗ್ತಿದ್ರಾ? ಒಳ್ಳೆ ಸಾಲ ಕೇಳೋಕೆ ಬಂದೋರನ್ನ ಬಾಗಿಲಲ್ಲೇ ವಾಪಸ್ ಕಳಿಸೋ ಹಾಗಿದೆ.”

“ನಿನ್ನ ಕೆಲಸ ನೋಡಕ್ಕ,” ಎಂದು ಅವನು ಅಚ್ಚನ್ನು ಬೇಯಲು ಇಟ್ಟ.

ಮೂರು ಗಂಟೆಗೆ ಸೆಟ್ ಮಿರಮಿರ ಮಿಂಚುತ್ತ ಸಿದ್ಧವಾಯಿತು. ಅದೇ ಹೊತ್ತಿಗೆ ಹೆಂಡತಿಯ ಫೋನು.

“ರೀ, ಅಮ್ಮನ ಫೋಟೋ ನೋಡಿದ್ರಾ? ಬೆಳಿಗ್ಗೆ ತೆಗೆದೆ. ಹಲ್ಲು ಕಾಣೋ ಹಾಗೆ ನಕ್ಕಿದಾರೆ, ನಾಲ್ಕು ವರ್ಷದಲ್ಲಿ ಇದೇ ಮೊದಲು!”

“ನಿನ್ನ ಫೋನಲ್ಲಿ ತೆಗೆದದ್ದು ನನಗೆ ಹೇಗೆ ಕಾಣುತ್ತೆ?”

“ಮನೆಯವರೆಲ್ರ ಫೋಟೋನೂ ಕ್ಲೌಡಲ್ಲಿ ಒಂದೇ ರಾಶಿ ಅಂತ ಎಷ್ಟು ಸಲ ಹೇಳ್ಲಿ? ನಾನು ತೆಗೆದ್ರೆ ನಿಮ್ಮ ಗ್ಯಾಲರಿಯ ತಲೆ ಮೇಲೇ ಬಂದು ಕೂರುತ್ತೆ.”

ಮೇಣದಣ್ಣ ಕನ್ನಡಕ ಹಾಕಿಕೊಂಡು ಆ್ಯಪ್‌ನ ಫೋಟೋ ಒತ್ತಿದ. ಬಾಯಿ ಹಿಗ್ಗಿತು, ಮೂಗು ಬಂತು, ಕಣ್ಣು ಬಂತು. ಸಾಕ್ಷಾತ್ ಅತ್ತೆ! ಪದ್ಯದ ನಡುವೆ ಮುಂದಿನ ಸಾಲು ಮರೆತವನಂತೆ ಅವನು ಬಾಯಿ ತೆರೆದೇ ಕೂತ. ಆ ನಗು ಅವನಿಗೆ ಗೊತ್ತಿರದೆ ಇರುತ್ತದೆಯೇ? ಏನು ಕೇಳಿದರೂ ಅತ್ತೆ ಸಿಡುಕುವವರಲ್ಲ. ತುಟಿಯನ್ನು ತುಸುವೇ ಸರಿಸಿ, ಆ ಏರಿದ ಹಲ್ಲಿನ ತುದಿ ಮಾತ್ರ ತೋರಿಸಿ, “ಆಗಲ್ಲಪ್ಪಾ” ಎನ್ನುವವರು.

“ಯಜಮಾನ್ರು ಆ್ಯಪಲ್ಲಿ ‘ಮುಗಿಯಿತು’ ಅಂತ ಒತ್ತೋವಾಗ ಈ ಫೋಟೋನೂ ಒತ್ತಿ ನೋಡಿದ್ರೆ ನನ್ನ ಕತೆ ಮುಗೀತು!”

“ಅಷ್ಟಕ್ಕೆ ಯಾಕೆ ಬೆವರ್ತೀಯ?” ಎಂದಳು ಪಾಲಿಶಕ್ಕ. “ಆ್ಯಪಿಗೆ ಅಂಟಿಸಿದ್ದನ್ನ ಕೀಳೋಕಾಗಲ್ಲ, ಗ್ಯಾಲರಿಯಿಂದ್ಲೇ ತೆಗೆದುಹಾಕು. ಮರ ಕಡಿದ್ರೆ ನೆರಳು ಉಳಿಯುತ್ತಾ?”

ಫೋನು ಕೇಳಿತು: ‘ಎಲ್ಲ ಕಡೆಯಿಂದ ಅಳಿಸಲೇ?’ ಅವನು ಹೌದೆಂದ. ಕಸದ ಬುಟ್ಟಿಯಿಂದಲೂ ಅಳಿಸಲೇ? ಹೌದು, ಹೌದು! ಆಮೇಲೆ ಆ್ಯಪ್ ತೆರೆದರೆ ಅತ್ತೆ ಅಲ್ಲೇ ಇದ್ದರು. ಅದೇ ಹಲ್ಲು, ಅದೇ ನಗು.

“ಓ!” ಎಂದಳು ಪಾಲಿಶಕ್ಕ ನಿಧಾನವಾಗಿ. “ಅಂಟಿಸೋವಾಗ್ಲೇ ಆ್ಯಪು ತನಗೇ ಅಂತ ಬೇರೆ ಪ್ರತಿ ಮಾಡಿ ಇಟ್ಕೊಳ್ಳುತ್ತೇನೋ.”

“ಇದನ್ನ ಮೊದಲೇ ಹೇಳಬಾರದಿತ್ತಾ, ತಾಯಿ?”

ಮತ್ತೆ ಹೆಂಡತಿ. ಈ ಸಲ ಹಿನ್ನೆಲೆಯಲ್ಲಿ ಬಿಕ್ಕು. “ರೀ, ಫೋಟೋ ಎಲ್ರ ಫೋನಿಂದಲೂ ಮಾಯ! ಅಮ್ಮ ಅಳ್ತಿದಾರೆ. ಇನ್ನು ಜನ್ಮದಲ್ಲಿ ನಗಲ್ವಂತೆ. ಅಳಿಸಿದ್ದು ನಿಮ್ಮ ಫೋನಿಂದ ಅಂತ ಇಲ್ಲಿ ತೋರಿಸ್ತಿದೆ!”

ಫೋಟೋ ಅಳಿಸುತ್ತೇನೆ ಎಂದಿತ್ತು ಫೋನು; ಅತ್ತೆಯನ್ನೂ ಅಳಿಸುತ್ತೇನೆ ಎಂದು ಹೇಳಿರಲಿಲ್ಲ.

“ಸಂಜೆಯೊಳಗೆ ಆ ಫೋಟೋ ಹುಡುಕಿ ತನ್ನಿ. ಇಲ್ಲಾಂದ್ರೆ ಮನೆ ಕಡೆ ತಲೆ ಹಾಕಬೇಡಿ!”

ಫೋನು ಇಟ್ಟ ಮೇಣದಣ್ಣನಿಗೆ ಥಟ್ಟನೆ ಹೊಳೆಯಿತು. ಎಲ್ಲ ಕಡೆಯಿಂದ ಹೋದದ್ದು ಒಂದು ಕಡೆ ಉಳಿದಿದೆಯಲ್ಲ! ಶಾಪವೆಂದು ಬೈದದ್ದೇ ವರ. ದೇವರು ದೊಡ್ಡವನು ಎಂದುಕೊಂಡು ಆ್ಯಪ್‌ನ ಪ್ರತಿಯನ್ನು ಇಳಿಸಿಕೊಳ್ಳಲು ಬೆರಳೆತ್ತಿದ. ಅಷ್ಟರಲ್ಲಿ ಯಜಮಾನರು ಒಳಗೆ ನುಗ್ಗಿ, ತಟ್ಟೆಯಲ್ಲಿದ್ದ ಸೆಟ್ಟನ್ನು ಎತ್ತಿ ಬಾಯಿಗೆ ಕೂರಿಸಿ, ಕನ್ನಡಿಗೆ ಹಲ್ಲು ತೋರಿಸಿದರು.

ಪೊದೆಮೀಸೆಯ ಕೆಳಗೆ ಅತ್ತೆ ನಗುತ್ತಿದ್ದರು.

“ಶಹಬ್ಬಾಸ್!” ಎಂದರು ಯಜಮಾನರು, ಸಕಾರ ಶಕಾರ ಎರಡೂ ಸ್ವಚ್ಛವಾಗಿ. “ಹರೆಯದಲ್ಲೂ ನಾನು ಇಷ್ಟು ಗತ್ತಾಗಿ ನಕ್ಕಿರಲಿಲ್ಲ ಕಣೋ!” ತಮ್ಮ ಫೋನು ತೆಗೆದು, ಫೋಟೋದ ಗೊಡವೆಗೇ ಹೋಗದೆ, ‘ಮುಗಿಯಿತು’ ಎಂದು ಒತ್ತಿಯೇಬಿಟ್ಟರು. ಮೇಣದಣ್ಣನ ಕೈಯಲ್ಲಿದ್ದ ಆ್ಯಪ್‌ನಿಂದ ಆ ಕೆಲಸ ಫಕ್ಕನೆ ಮಾಯವಾಯಿತು. ಮುಗಿದ ಕೆಲಸಗಳು ತೆರೆಯುವುದು ಯಜಮಾನರ ಫೋನಿನಲ್ಲಿ ಮಾತ್ರ.

“ಸಾರ್,” ಮೇಣದಣ್ಣ ಬಾಗಿಲಿಗೆ ಅಡ್ಡ ನಿಂತ. ನಿಜ ಹೇಳಿದರೆ ಕೆಲಸವಿಲ್ಲ, ಹೇಳದಿದ್ದರೆ ಮನೆಯಿಲ್ಲ. “ಒಂದೇ ಒಂದು ಉಪಕಾರ. ಆ ಕೆಲಸಕ್ಕೆ ಅಂಟಿಸಿದ ಫೋಟೋ ನನಗೊಂದು ಕಳಿಸಿಬಿಡಿ ಸಾರ್. ನೆನಪಿಗೆ ಇಟ್ಕೊಳ್ತೀನಿ.”

ಯಜಮಾನರು ಕಣ್ಣು ಕಿರಿದು ಮಾಡಿದರು. “ನೆನಪಿಗಾ? ಕಳ್ಳ! ನಾಳೆ ಬಂದೋರ ಬಾಯಿಗೆಲ್ಲ ನನ್ನ ನಗೂನೇ ಕೂರಿಸೋಕೆ ಅಲ್ವಾ?” ಫೋನನ್ನು ಜೇಬಿಗೆ ಹಾಕಿ, ಮೇಲೆ ಕೈಯಿಟ್ಟುಕೊಂಡರು.

“ಸಾರ್, ನಿಮ್ಮ ಕಾಲು ಹಿಡೀತೀನಿ...”

ಯಜಮಾನರು ಸಿಡುಕಲಿಲ್ಲ. ತುಟಿಯನ್ನು ತುಸುವೇ ಸರಿಸಿದರು. ಏರಿದ ಹಲ್ಲಿನ ತುದಿ ಮಿಂಚಿತು.

“ಆಗಲ್ಲಪ್ಪಾ.”