ಕೆಂಚೇಶನ ಕಾಲ ಕೆಳಗಿನ ಪೆಡಲು

ಚನ್ನಗಿರಿಯ ನಾಮಕರಣದ ಮನೆಯೊಂದರಲ್ಲಿ ತೊಟ್ಟಿಲಲ್ಲಿ ನಿದ್ದೆ ಹೋಗಿದ್ದ ಕೂಸನ್ನು ಗಿಟಾರಿನಿಂದ ಎಬ್ಬಿಸಿದ ಮೇಲೆ ಕೆಂಚೇಶನ ಗ್ರಹಚಾರ ಕೆಟ್ಟಿತು. ತಪ್ಪು ಅವನದಲ್ಲ, ಅವನ ಕಾಲ ಕೆಳಗಿದ್ದ ಪೆಡಲಿನದು. ಗಿಟಾರಿನ ದನಿಯನ್ನು ಪಾದದಿಂದಲೇ ಏರಿಸಿ ಇಳಿಸಲೆಂದು ಅವನು ಯಾರಿಂದಲೋ ಕೊಂಡಿದ್ದ ಹಳೆಯ ಪೆಡಲು ಅದು. ಹಿಮ್ಮಡಿಯ ಕಡೆ ಒತ್ತಿದರೆ ಸತ್ತಂತೆ ಬಿದ್ದಿರುತ್ತಿತ್ತು. ಬೆರಳ ಕಡೆ ಒತ್ತುತ್ತ ಹೋದರೆ ಅರ್ಧ ದಾರಿಯವರೆಗೂ ಉಸಿರೆತ್ತದೆ, ಆಮೇಲೆ ಅಟ್ಟದಿಂದ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದಂತೆ ಅರಚಿಕೊಳ್ಳುತ್ತಿತ್ತು. ಸತ್ತಂತಿರುವುದಕ್ಕೂ ಅರಚುವುದಕ್ಕೂ ನಡುವೆ ಇನ್ನೇನಾದರೂ ಇದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ.

ಹೊನ್ನಾಳಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕನಾಗಿದ್ದ ಕೆಂಚೇಶ ವಾರವೆಲ್ಲ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬದುಕುವವನು. ಮನೆಯಲ್ಲೂ ಅವನ ಮಾತು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಹೇಳಬೇಕೆನಿಸಿದ್ದನ್ನೆಲ್ಲ ರಜೆಯ ದಿನ ಮಹೇಶ್ವರಪ್ಪನವರ ಗಾಯನ ತಂಡದಲ್ಲಿ ಕುಳಿತು ಗಿಟಾರಿನ ಬಾಯಲ್ಲಿ ಹೇಳಿಸುತ್ತಿದ್ದ. ಆ ಜಾಗವೂ ಈಗ ಅಲುಗಾಡುತ್ತಿತ್ತು.

"ಭಾನುವಾರ ನ್ಯಾಮತಿಯಾಗೆ ಷಣ್ಮುಖಪ್ಪ ಮೇಷ್ಟ್ರ ನುಡಿನಮನ ಐತೆ," ಎಂದಿದ್ದರು ಮಹೇಶ್ವರಪ್ಪ. "ಸಾವಾದ ಮನೆ ಕೆಂಚೇಶಪ್ಪ. ಅಲ್ಲೂ ಹಿಂಗೇ ಆದ್ರೆ, ನೀವಿನ್ನ ಗಿಟಾರ್ ತರಬ್ಯಾಡ್ರಿ."

ಭಾನುವಾರ ಬೆಳಗ್ಗೆ ಮೋಡ ಕವಿದು, ಮನೆಯೊಳಗೆ ದೀಪ ಹಚ್ಚಿಕೊಳ್ಳುವಂತಿತ್ತು. ಕೆಂಚೇಶ ಪಡಸಾಲೆಯಲ್ಲಿ ಗಿಟಾರು, ದನಿ ತಿದ್ದುವ ಪೆಟ್ಟಿಗೆ, ಸ್ಪೀಕರು, ಪೆಡಲು ಎಲ್ಲವನ್ನೂ ಜೋಡಿಸಿಕೊಂಡು ಕುಳಿತ. ಪೆಡಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ಆ ಪೆಟ್ಟಿಗೆಗೆ ಕಲಿಸಿಕೊಡಬೇಕು ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದ. ಕಲಿಸಲು ಬಗ್ಗುವಷ್ಟರಲ್ಲಿ ಪಕ್ಕದ ಮನೆಯ ತಿಪ್ಪೇಶಪ್ಪ ಕಾಫಿ ಲೋಟದ ಸಮೇತ ಒಳಗೆ ಬಂದರು. ಬಸ್ಸು ಓಡಿಸಿ ನಿವೃತ್ತರಾದವರು. ಕಾಲಿನಿಂದ ಒತ್ತುವ ಯಾವುದೇ ವಸ್ತು ತಮ್ಮ ಇಲಾಖೆಗೆ ಸೇರಿದ್ದು ಎಂಬ ನಂಬಿಕೆ ಅವರದು.

ಪೆಡಲನ್ನು ನೋಡಿದವರೇ ಇದು ಕ್ಲಚ್ಚಿನ ರೋಗ ಎಂದುಬಿಟ್ಟರು. ಕೆಂಚೇಶ ಇಲ್ಲ ಮಾವ ಎನ್ನುವಷ್ಟರಲ್ಲಿ ಘಟ್ಟ ಹತ್ತಿಸುವವರ ಹಾಗೆ ಅದರ ಮೇಲೆ ಕಾಲಿಟ್ಟು ತುಳಿದರು. ಮಡಿಲಲ್ಲಿದ್ದ ಗಿಟಾರಿನ ತಂತಿಗೆ ಕೆಂಚೇಶನ ಮೊಣಕೈ ತಾಗಿತು. ಹೊರಟ ಸದ್ದಿಗೆ ಅಡುಗೆಮನೆಯಲ್ಲಿ ಹೆಂಡತಿ ಲಕ್ಷ್ಮೀದೇವಿಯ ಕೈಯಿಂದ ಒಗ್ಗರಣೆ ಸೌಟು ಜಾರಿತು. ಎದುರುಮನೆಯ ಭೀಮಕ್ಕ ಗ್ಯಾಸ್ ಸಿಲಿಂಡರ್ ಸಿಡಿಯಿತೆಂದು ಓಡಿಬಂದಳು.

ಸಿಲಿಂಡರ್ ಸರಿಯಾಗಿಯೇ ಇದೆಯೆಂದು ತಿಳಿದ ಮೇಲೂ ಅವಳು ವಾಪಸು ಹೋಗಲಿಲ್ಲ. ಹೊಲಿಗೆ ಯಂತ್ರ ತುಳಿಯುವವಳಾದ್ದರಿಂದ ಪೆಡಲಿನ ವಿಷಯದಲ್ಲಿ ಅವಳಿಗೂ ಅಭಿಪ್ರಾಯವಿತ್ತು. ಇದಕ್ಕೆ ಎಣ್ಣೆ ಒಣಗಿದೆ ಎಂದವಳೇ ಮಿಷನ್ ಎಣ್ಣೆಯ ಡಬ್ಬಿ ತಂದು, ಕೆಂಚೇಶ ಕೈ ಅಡ್ಡ ಹಿಡಿಯುತ್ತಿದ್ದಂತೆಯೇ ಅವನ ಬೆರಳ ಸಂದಿಯಿಂದ ಧಾರೆ ಎರೆದಳು. ಪೆಡಲು ಎಷ್ಟು ಸಡಿಲಾಯಿತೆಂದರೆ, ಕಾಲು ತೆಗೆದರೆ ತೂಕಡಿಸುವವನ ತಲೆಯಂತೆ ತಾನೇ ಮುಂದಕ್ಕೆ ವಾಲಿ ಅರಚತೊಡಗಿತು. ಅದಕ್ಕೆ ಪರಿಹಾರವಾಗಿ ತಿಪ್ಪೇಶಪ್ಪ ಅಡಿಯ ಸ್ಕ್ರೂ ಬಿಗಿದರು. ಬಿಗಿದ ಮೇಲೆ ಇಬ್ಬರು ನಿಂತು ತುಳಿದರೂ ಅದು ಕದಲಲಿಲ್ಲ.

"ಈಗ ಗಟ್ಟಿ ಆತು ನೋಡು," ಎಂದು ತಿಪ್ಪೇಶಪ್ಪ ಖಾಲಿ ಲೋಟ ಎತ್ತಿಕೊಂಡು ಹೋದರು. ಕೆಂಚೇಶನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಲಕ್ಷ್ಮೀದೇವಿ, ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಉಳಿಯಬಾರದೇ ಎಂದು ಕೇಳಿದಳು. ಅದನ್ನೇ ಅವನೂ ಯೋಚಿಸುತ್ತಿದ್ದ. ಆದರೆ ಅಷ್ಟರಲ್ಲಿ ಹೊರಗೆ ತಂಡದ ಕಾರು ಹಾರ್ನ್ ಹೊಡೆಯಿತು.

ನ್ಯಾಮತಿಯ ಆ ಮನೆಯ ಮುಂದೆ ಶಾಮಿಯಾನ ಹಾಕಿ, ಮೇಷ್ಟ್ರ ಫೋಟೋಕ್ಕೆ ಹಾರ ಹಾಕಿದ್ದರು. ಮೇಷ್ಟ್ರ ಹೆಂಡತಿ ಕಸ್ತೂರಮ್ಮ ಅದರ ಪಕ್ಕದಲ್ಲಿ ಬಂಡೆಯಂತೆ ಕುಳಿತಿದ್ದರು. ಗಂಡ ಹೋದಾಗಿನಿಂದ ಒಂದು ಹನಿ ಕಣ್ಣೀರೂ ಹಾಕಿಲ್ಲವಂತೆ, ಹೀಗೇ ಇದ್ದರೆ ಏನಾಗುತ್ತದೋ ಎಂದು ಬಂಧುಗಳು ಮೂಲೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಕೆಂಚೇಶ ವೇದಿಕೆಯ ಹಿಂದೆ, ಬಾಳೆಎಲೆಯ ಕಟ್ಟುಗಳ ಮಗ್ಗುಲಲ್ಲಿ ಪೆಡಲನ್ನು ಮಗುಚಿ ಹಾಕಿದ. ಸಲಹೆ ಕೊಡುವವರು ಯಾರೂ ಇರಲಿಲ್ಲ. ಎಣ್ಣೆ ಒರೆಸಿದ. ಸ್ಕ್ರೂವನ್ನು ಕೂದಲೆಳೆಯಷ್ಟು ಸಡಿಲಿಸಿ, ಕಾಲಿಟ್ಟಲ್ಲಿ ನಿಲ್ಲುವಂತೆ ಮಾಡಿದ. ಪೆಟ್ಟಿಗೆಯ ಗುಂಡಿಯೊತ್ತಿ, ಹಿಮ್ಮಡಿ ಇಲ್ಲಿ, ಬೆರಳು ಅಲ್ಲಿ ಎಂದು ತಾಳ್ಮೆಯಿಂದ ಕಲಿಸಿದ. ಆಮೇಲೆ ತಂತಿ ಮೀಟಿ ಪಾದವನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದಾಗ, ಕಾಯುತ್ತಿರುವ ಹಾಲು ಪಾತ್ರೆಯಲ್ಲಿ ಮೇಲೇರುವ ಹಾಗೆ ದನಿ ಸದ್ದಿಲ್ಲದೆ ಏರಿತು. ಅವನು ಅದನ್ನು ಮತ್ತೆ ಇಳಿಸಿದ, ಮತ್ತೆ ಏರಿಸಿದ. ಬೆಳಗ್ಗಿನಿಂದ ಮೊದಲ ಬಾರಿಗೆ ಅವನಿಗೆ ಹಸಿವಾಯಿತು.

ಮಹೇಶ್ವರಪ್ಪ ವಚನ ಎತ್ತಿಕೊಂಡರು. ಕೀಬೋರ್ಡಿನ ವಿನಯ್ ಕುಮಾರ್ ಶ್ರುತಿ ಹಿಡಿದ. ಹಿಂದಿನ ಸಾಲಿನಲ್ಲಿ ಕೆಂಚೇಶ, ಪೆಡಲನ್ನು ಹಿಮ್ಮಡಿಯ ಕಡೆ ಒತ್ತಿಟ್ಟು ತಂತಿ ಮೀಟುವುದು, ಮೀಟಿದ ಮೇಲೆ ಪಾದ ಬಾಗಿಸುವುದು, ಹೀಗೆ ನುಡಿಸುತ್ತ ಹೋದ. ಮೀಟಿನ ಟಣ್ ಎಂಬ ಸದ್ದೇ ಕೇಳದೆ, ಪಿಟೀಲಿನಂಥ ದನಿ ಎಲ್ಲಿಂದಲೋ ಹುಟ್ಟಿ, ಹಾಡಿನ ಬೆನ್ನು ಸವರಿ, ಎಲ್ಲಿಗೋ ಹೋಗುತ್ತಿತ್ತು. ಎಷ್ಟೋ ವರ್ಷಗಳಿಂದ ಹೇಳಬೇಕೆಂದಿದ್ದುದನ್ನು ಕೊನೆಗೂ ಹೇಳುತ್ತಿದ್ದೇನೆ ಎನಿಸಿ ಅವನ ಕಣ್ಣು ಮಂಜಾಯಿತು. ಒರೆಸಿಕೊಂಡು ನೋಡಿದರೆ, ಫೋಟೋದ ಪಕ್ಕದಲ್ಲಿ ಕಸ್ತೂರಮ್ಮ ಸೆರಗು ಬಾಯಿಗೊತ್ತಿ ಬಿಕ್ಕುತ್ತಿದ್ದರು.

ಕಾರ್ಯಕ್ರಮ ಮುಗಿದಾಗ ಜನ ವಿನಯ್ ಕುಮಾರನ ಸುತ್ತ ನೆರೆದರು. ಕೀಬೋರ್ಡಿನಲ್ಲಿ ಪಿಟೀಲು ಹೀಗೂ ಬರುತ್ತದೆಯೇ ಎಂದು ಬೆರಗಾದರು. ವಿನಯ್ ಮೊದಲು ಗಲಿಬಿಲಿಗೊಂಡ. ಎರಡನೆಯವರು ಕೈ ಕುಲುಕುವಷ್ಟರಲ್ಲಿ, ಎಲ್ಲ ಗುರುಗಳ ಆಶೀರ್ವಾದ ಎಂದು ಕೈ ಮುಗಿದ.

ಕೆಂಚೇಶ ಅತ್ತ ಹೆಜ್ಜೆ ಹಾಕುವಾಗ ಕಸ್ತೂರಮ್ಮನೇ ಎದುರು ಬಂದರು.

"ಗಿಟಾರಿನೋರು ನೀವೇ ಏನಪ್ಪ?"

"ಹೌದಮ್ಮ."

"ನಮ್ಮ ಯಜಮಾನ್ರಿಗೆ ಗಿಟಾರ್ ಅಂದ್ರೆ ಆಗ್ತಿರಲಿಲ್ಲ. ತಿಳಿದೋರಂಗೆ ಅದನ್ನ ಸುಮ್ನೆ ಹಿಡ್ಕಂಡು ಕುಂತಿದ್ರಿ. ನಿಮಗೆ ಪುಣ್ಯ ಬರ್ಲಿ." ಅವರ ದನಿ ಮತ್ತೆ ಒಡೆಯಿತು. "ಆ ಪಿಟೀಲು ಕೇಳಿದ್ ಮ್ಯಾಲೇ ಕಣಪ್ಪ ನನಗೆ ಅಳು ಬಂದಿದ್ದು."

ಕೆಂಚೇಶ ಬಾಯಿ ತೆರೆದ. ಅದು ಗಿಟಾರೇ ಎಂದು ಹೇಳಿದರೆ ಆ ತಾಯಿಗೆ ಈಗಷ್ಟೇ ಸಿಕ್ಕಿದ ಅಳುವನ್ನು ಕಿತ್ತುಕೊಂಡ ಹಾಗಾಗುತ್ತದೆ ಎನಿಸಿತು. ತಲೆಯಾಡಿಸಿ, ಗಿಟಾರನ್ನು ಚೀಲಕ್ಕೆ ಹಾಕಲು ಹಿಂದಿರುಗಿದ.

ಕಾರಿನಲ್ಲಿ ಮಾತ್ರ ತಡೆಯಲಾಗಲಿಲ್ಲ. ಆ ಪಿಟೀಲು ತನ್ನದೆಂದು ಪಕ್ಕದಲ್ಲಿ ಕುಳಿತಿದ್ದ ಮಹೇಶ್ವರಪ್ಪನವರಿಗೆ ಹೇಳಿದ. ಅವರು ಹಿಂದಿನ ಸೀಟಿನತ್ತ ತಿರುಗಿದರು. ವಿನಯ್ ಕಿಟಕಿಯಾಚೆಯ ಮೆಕ್ಕೆಜೋಳದ ಹೊಲಗಳನ್ನೇ ದಿಟ್ಟಿಸುತ್ತಿದ್ದ. ಮಹೇಶ್ವರಪ್ಪ ಕನಿಕರದಿಂದ ಕೆಂಚೇಶನ ತೊಡೆ ತಟ್ಟಿದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಇವತ್ತು ಗಿಟಾರ್ ಇಲ್ದೆ ಎಷ್ಟು ಚಂದ ಆತು, ನೀವೇ ನೋಡಿದ್ರಲ್ಲ. ಜಗಳೂರಿನ ಕಾರ್ಯಕ್ರಮಕ್ಕೂ ಹಿಂಗೇ ಇರ್ಲಿ. ನೀವು ಮನೆಯಾಗೆ ಆರಾಮ ಮಾಡ್ರಿ."

ಹೊನ್ನಾಳಿ ಬರುವಷ್ಟರಲ್ಲಿ ವಿನಯನಿಗೆ ಒಂದು ಫೋನು ಬಂತು, ಅವನು ಹೂಂಗುಟ್ಟಿ ಇಟ್ಟ. ಕೆಂಚೇಶ ತನ್ನ ಬೀದಿಯ ತಿರುವಿನಲ್ಲಿ ಇಳಿದಾಗ, ಸಾಮಾನು ಇಳಿಸಿಕೊಡುವ ನೆಪದಲ್ಲಿ ವಿನಯನೂ ಇಳಿದ. ಪೆಡಲನ್ನು ಎರಡು ಕೈಯಲ್ಲಿ ಎತ್ತಿ ಕೊಡುತ್ತ, ಕಾರಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಅಣ್ಣ, ಜಗಳೂರಿನೋರೂ ಆ ಪಿಟೀಲೇ ಬೇಕು ಅಂತ ಈಗ್ಲೇ ಫೋನ್ ಮಾಡ್ಯಾರೆ. ನನಗೆ ಅದು ಬರಾಕಿಲ್ಲ ಅಂತ ನಿಮಗೆ ಗೊತ್ತಲ್ಲ. ನೀವು ಬಸ್ಸಿನಾಗೆ ಬಂದುಬಿಡ್ರಿ. ಪರದೆ ಹಿಂದೆ ಒಂದು ಕುರ್ಚಿ ಹಾಕಿಸಿರ್ತೀನಿ."

ಕೆಂಚೇಶ ಪೆಡಲನ್ನು ಬಗಲಿಗೆ ಸೇರಿಸಿಕೊಂಡ. ಬೈಯಬೇಕೆಂದುಕೊಂಡ. ಆದರೆ ಅವನ ಬಾಯಿಂದ ಬಂದದ್ದು, ಆ ಕುರ್ಚಿಯ ಹತ್ತಿರ ಪ್ಲಗ್ ಪಾಯಿಂಟ್ ಇರುತ್ತದೆಯೇ ಎಂಬ ಪ್ರಶ್ನೆ.