ಮಾವನವರ ಕಾರಿನ ಮೂಕ ಹಾರನ್ನು

ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಪಾಸಾದವನ ಮುಂದೆ ಒಂದು ಹಾರನ್ನು ಎಷ್ಟು ಹೊತ್ತು ಮೌನವ್ರತ ಹಿಡಿದೀತು? ಅರ್ಧ ಗಂಟೆ! ಹನೂರಿನ ಮಾವನ ಮನೆಯ ಅಂಗಳದಲ್ಲಿ, ಶುಕ್ರವಾರ ಬೆಳಿಗ್ಗೆ ಏಳಕ್ಕೆ, ಹಾಗೆಂದು ಎಲ್ಲರ ಎದುರು ಘೋಷಿಸಿದೆ.

ಅಂದು ಅಗರದಲ್ಲಿ ನನ್ನ ತಂಗಿ ಶಂಕರಮ್ಮನ ವೀಳ್ಯಶಾಸ್ತ್ರ. ತಂದೆಯಿಲ್ಲದ ಅವಳ ಪರವಾಗಿ ನಾನೇ ತಾಂಬೂಲ ಕೊಡಬೇಕು. ಅದೂ ಹತ್ತೂವರೆಯ ರಾಹುಕಾಲಕ್ಕೆ ಮೊದಲು. ಗಂಡಿನ ಕಡೆಯವರು ಗಡಿಯಾರ ನೋಡಿಯೇ ಉಸಿರಾಡುವ ಜನ. ಕಾರು ಮಾವ ವೃಷಭೇಂದ್ರಪ್ಪನವರದು. ಹಾರನ್ನು ಕೂಗದ ಕಾರು ಗೇಟು ದಾಟಕೂಡದೆಂಬುದು ಅವರ ಕಟ್ಟಪ್ಪಣೆ.

“ಆಯುಧಪೂಜೆಯಿಂದೀಚ್ಗೆ ಕೂಗ್ತಾ ಇಲ್ಲ ಕಣ್ರಿ ಅಳಿಯಂದ್ರೆ. ಬಸ್ ಸ್ಟ್ಯಾಂಡ್ ತಾವ ಮೇಸ್ತ್ರಿ ಅವ್ನೆ, ಕರೆಸ್ಲಾ?”

“ನಾನಿರುವಾಗ ಮೇಸ್ತ್ರಿಯೇ!” ಎಂದೆ. ಆಯುಧಪೂಜೆಯ ವಿಷಯ ವಿಜ್ಞಾನಕ್ಕೆ ಸಂಬಂಧಪಡದ ಮಾಹಿತಿಯೆಂದು ಕೈಬಿಟ್ಟೆ.

“ರೀ, ಆ ಒತ್ತೋ ಗುಂಡಿ ವಸಿ ಬಿಚ್ಚಿ ನೋಡಿ” ಎಂದಳು ಹೆಂಡತಿ ಚನ್ನಾಜಮ್ಮ.

“ವಿದ್ಯುತ್ತು ಹೊರಡುವುದು ಬ್ಯಾಟರಿಯಿಂದ. ಹುಡುಕಾಟವೂ ಅಲ್ಲಿಂದಲೇ. ಗುಂಡಿ ಕೊನೆಗೆ!”

“ಕೈ ಮೊದ್ಲು ತಾಕೋದು ಗುಂಡಿಗಲ್ವಾ?”

ಪ್ರಯೋಗ ನಡೆಯುವಾಗ ಮಾತು ನಿಷಿದ್ಧ. ಪುಟ್ಟ ಬಲ್ಬಿಗೆ ಎರಡು ತಂತಿ ಕಟ್ಟಿ ಪರೀಕ್ಷಿಸಿದೆ. ಬ್ಯಾಟರಿಯಲ್ಲಿ ಉರಿಯಿತು. ಫ್ಯೂಸಿನಲ್ಲಿ ಉರಿಯಿತು. ಹಾರನ್ನಿನ ಬುಡದಲ್ಲೂ ಉರಿಯಿತು! ಎಂಟೂಕಾಲಾದರೂ ಹಾರನ್ನು ಮಾತ್ರ ತುಟಿ ಬಿಚ್ಚಲಿಲ್ಲ. ಕಡೆಗೆ ಗುಂಡಿಗೆ ಹೋಗುವ ತಂತಿ ಕಳಚಿ, ಬೇರೊಂದು ತಂತಿಯಿಂದ ಹಾರನ್ನನ್ನು ನೇರವಾಗಿ ಕಾರಿನ ಮೈಗೆ ಮುಟ್ಟಿಸಿದೆ.

ಒಂದು ತಿಂಗಳ ಮೌನ ಒಂದೇ ಉಸಿರಿನಲ್ಲಿ ಮುರಿಯಿತು! “ಕೇಳಿದಿರಾ!” ಎಂದು ನಾನೂ ಕೂಗಿದೆ.

ಕೇಳಿದ್ದು ಅಂಗಳದ ಮೂಲೆಯಲ್ಲಿ ಕಟ್ಟಿದ್ದ ಮಾವನ ಎತ್ತುಗಳು. ಹಗ್ಗ ಕಿತ್ತು, ತಾಂಬೂಲದ ಬುಟ್ಟಿ ಉರುಳಿಸಿ, ಬಾಳೆಹಣ್ಣು ತುಳಿದು, ರಾಗಿ ಹೊಲಕ್ಕೆ ನುಗ್ಗಿದವು. ರೇಷ್ಮೆ ಶಲ್ಯದ ಮಾವ ಮುಂದೆ, ಡ್ರೈವರ್ ಮಾದಣ್ಣ ಹಿಂದೆ, ಭೌತಶಾಸ್ತ್ರ ಎಲ್ಲರಿಗಿಂತ ಹಿಂದೆ!

“ಸತ್ತೇಗಾಲದ್ಗಂಟ ಕೇಳ್ಸಿರ್ತದೆ ಬುಡಿ ಸಾ!” ಎಂದ ಮಾದಣ್ಣ, ಏದುಸಿರು ಬಿಡುತ್ತ.

ಎತ್ತು ಹಿಡಿದು ತಂದಾಗ ಒಂಬತ್ತೂಕಾಲು. ಚನ್ನಾಜಮ್ಮ ಸ್ಟೀರಿಂಗಿನ ನಡುವಿನ ಗುಂಡಿ ಎಬ್ಬಿಸಿ, ತಲೆಪಿನ್ನಿನಿಂದ ಒಳಗೆ ಕೆರೆಯುತ್ತಿದ್ದಳು. ಅಂಗೈ ತೋರಿಸಿದಳು. ಬಿಳಿಯ ಗಟ್ಟಿ ಚೂರುಗಳು. ವಿಭೂತಿ!

“ಸ್ಪಷ್ಟ!” ಎಂದೆ. “ನೀರಿನಲ್ಲಿ ಕಲಸಿ ಬಳಿದದ್ದು ಒಳಗಿಳಿದು ಒಣಗಿದೆ. ಒಣಗಿದ ವಿಭೂತಿ ವಿದ್ಯುತ್ತನ್ನು ಬಿಡುವುದಿಲ್ಲ. ಹೀಗೆ ಬಳಿದ ಅವಿವೇಕಿ ಯಾರು?”

ಮಾದಣ್ಣ ಟೈರು ನೋಡತೊಡಗಿದ.

“ನೀವೇ ಕಣ್ರಿ” ಎಂದಳು ಚನ್ನಾಜಮ್ಮ. “ಆಯುಧಪೂಜೆ ದಿನ ಓದಿರೋರ್ಗೆ ಬಕ್ತಿ ಇಲ್ಲ ಅಂತ ಅಪ್ಪಾಜಿ ಅಂದಿದ್ಕೆ, ಮೂರ್ ಸಲ ಬಳುದ್ರಲ್ಲ!”

ಕಳಚಿದ್ದ ತಂತಿಯನ್ನು ಮತ್ತೆ ಗುಂಡಿಗೆ ಸೇರಿಸಿದೆ. ಅವಳು ಗುಂಡಿ ಒತ್ತಿದಳು. ಹಾರನ್ನು ವಿಧೇಯವಾಗಿ ಕೂಗಿತು.

ಅಗರದಲ್ಲಿ ತಾಂಬೂಲ ಬದಲಾದಾಗ ಹತ್ತು ಗಂಟೆ ಇಪ್ಪತ್ತೈದು ನಿಮಿಷ. ತಂಗಿಯ ನಗುಮುಖ ಕಂಡು ಎಲ್ಲವನ್ನೂ ಮರೆತೆ. ಹೊರಡುವಾಗ ಬೀಗರಾದ ಸಿದ್ದಮಲ್ಲಪ್ಪನವರು ವಿಭೂತಿಯ ತಟ್ಟೆ ನನ್ನತ್ತ ಚಾಚಿದರು. ಮಾವ ಹಾರಿ ಬಂದು ನಡುವೆ ನಿಂತರು.

“ಅವ್ರ ಕೈಗೆ ಕೊಡ್ಬ್ಯಾಡಿ ಬೀಗ್ರೇ, ಅಣೆಗೆ ನೀವೇ ಅಚ್ಬುಡಿ. ನಾವು ಇದೇ ಕಾರ್ನಲ್ಲಿ ಊರ್ಗೋಗ್ಬೇಕು!”